ಕೊಡಲಿಯಿಂದ ಬ್ಯಾಟರಿ ಗರಗಸದವರೆಗೆ: ನಮ್ಮ ಒಲೆ ಕಟ್ಟಿಗೆಯ ಚರಿತ್ರೆ

1/10

ಬಾಗಳಿ ಅಂದ ಕೂಡಲೇ ನಾವೆಲ್ಲ ಕಲ್ಲೇಶ್ವರ ಗುಡಿ ಫೋಟೊ ಹಾಕ್ತೀವಿ. ಹಾಕಬೇಕು ಕೂಡ. ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದ ಗುಡಿ ಅದು. ಚಾಲುಕ್ಯ ಎರಡನೇ ತೈಲಪನ ಕಾಲದ, 987ರ ಶಾಸನ ಅಲ್ಲಿದೆ. ದುಗ್ಗಿಮಯ್ಯ ಅನ್ನೋ ಹೆಸರು ಅದರಿಂದಲೇ ನಮಗೆ ಗೊತ್ತು. ಮಂಟಪದ ಕಂಬಗಳನ್ನು ಹತ್ತಿರದಿಂದ ನೋಡಿದ್ದೀರಾ? ಬಳೆ ಬಳೆಯಾಗಿ, ಕನ್ನಡಿ ಹಾಗೆ ನುಣುಪಾಗಿವೆ. ಕಲ್ಲನ್ನು ತಿರುಗಿಸಿ, ಉಳಿಯನ್ನು ಒಂದೇ ಕಡೆ ಹಿಡಿದು ಕಡೆದ ಕೆಲಸ ಅದು. ಅಂದರೆ ಸಾವಿರ ವರ್ಷದ ಹಿಂದೆಯೇ ನಮ್ಮೂರಲ್ಲಿ ‘ಮಷಿನ್ ಕೆಲಸ’ ಇತ್ತು.

ಈಗ ಒಂದು ಪ್ರಶ್ನೆ. ಆ ಕಂಬ ಕಡೆದವರು ಮಧ್ಯಾಹ್ನ ಏನೋ ಉಂಡಿರಬೇಕಲ್ಲ? ಆ ಅಡುಗೆಗೆ ಕಟ್ಟಿಗೆ ತಂದವರು ಯಾರು? ಯಾವ ಶಾಸನದಲ್ಲೂ ಅವರ ಹೆಸರಿಲ್ಲ. ದಾನ ಕೊಟ್ಟವರ ಹೆಸರು ಕಲ್ಲಲ್ಲಿ ಉಳೀತು, ಒಲೆ ಉರಿಸಿದವರದ್ದು ಹೊಗೆಯಾಗಿ ಹೋಯ್ತು.

ಈ ಸರಣಿ ಅವರ ಕಥೆ. ಇತ್ತೀಚೆಗೆ ಮನೆ ಹಿತ್ತಲಿಗೆ ಬರ್ತಿರೋ ಬ್ಯಾಟರಿ ಚೈನ್‌ಸಾ ತನಕ ಹೋಗೋಣ. ಸ್ವೈಪ್ ಮಾಡ್ತಾ ಬನ್ನಿ.

2/10

ಕಟ್ಟಿಗೆಯವರ ಹೆಸರು ಎಲ್ಲೂ ಇಲ್ಲ ಅಂದೆನಲ್ಲ, ಒಬ್ಬರದು ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ. ಮೋಳಿಗೆಯ ಮಾರಯ್ಯ.

ಮೋಳಿಗೆ ಅಂದರೆ ಕಟ್ಟಿಗೆ ಹೊರೆ. ಕಾಡಿನಿಂದ ಹೊರೆ ಹೊತ್ತು ತಂದು ಮಾರಿ, ಬಂದ ದುಡ್ಡಲ್ಲಿ ದಾಸೋಹ ನಡೆಸಿದ ಶರಣ. ಆತ ಮೊದಲು ಕಾಶ್ಮೀರದ ಅರಸನಾಗಿದ್ದ, ಬಸವಣ್ಣನವರ ಸುದ್ದಿ ಕೇಳಿ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದ ಅಂತ ಶರಣ ಪರಂಪರೆ ಹೇಳುತ್ತೆ. ಹೆಂಡತಿ ಮಹಾದೇವಿಯೂ ವಚನಕಾರ್ತಿ.

ಅರಸ ಅನ್ನೋ ಭಾಗವನ್ನು ಐತಿಹ್ಯ ಅಂತಲೇ ಇಟ್ಟುಕೊಳ್ಳಿ. ನಮಗೆ ಮುಖ್ಯ ಬೇರೆ. ಕಾಯಕದ ಹೆಸರೇ ಮನುಷ್ಯನ ಹೆಸರಾಯ್ತು, ಆ ಹೆಸರಿಗೆ ಗೌರವ ಬಂತು. ಕಟ್ಟಿಗೆ ಹೊರೋದು ಕೀಳು ಕೆಲಸ ಅಂತ ಲೋಕ ಅಂದುಕೊಂಡಿದ್ದಾಗ, ಅದೇ ಕೆಲಸದವನು ಅನುಭವ ಮಂಟಪದ ಸಾಲಲ್ಲಿ ಕೂತ. ಎಂಟುನೂರು ವರ್ಷ ಕಳೆದರೂ ಕಟ್ಟಿಗೆ ಮಾರುವವರಿಗೆ ಆ ಗೌರವ ಮತ್ತೆ ಅಷ್ಟು ಸುಲಭಕ್ಕೆ ಸಿಕ್ಕಿಲ್ಲ.

3/10

ಸಾಮಾನುಗಳ ಲೆಕ್ಕ ನೋಡೋಣ. ಕೊಡಲಿ, ಬೆಣೆ, ಸುತ್ತಿಗೆ, ಕೈಗರಗಸ, ಕುಡುಗೋಲು. ಇಷ್ಟೇ. ನೂರಾರು ವರ್ಷ ಇದರಲ್ಲೇ ನಡೀತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಟ್ಟಿಗೆ *ಸೀಳೋದು* ಬೇರೆ, *ತುಂಡು ಮಾಡೋದು* ಬೇರೆ. ಮರದ ನಾರು ಉದ್ದಕ್ಕೆ ಓಡುತ್ತೆ. ಆ ದಿಕ್ಕಿಗೆ ಬೆಣೆ ಹೊಡೆದರೆ ತಾನೇ ಬಾಯಿ ಬಿಡುತ್ತೆ. ಅಡ್ಡಕ್ಕೆ ಹೊಡೆದರೆ ಪ್ರತಿ ನಾರನ್ನೂ ಕತ್ತರಿಸಬೇಕು. ಅದಕ್ಕೇ ಕೊಡಲಿಯಲ್ಲಿ ಅಡ್ಡ ಕಡಿಯುವಾಗ ಬೆವರೂ ಜಾಸ್ತಿ, ಚಕ್ಕೆಯೂ ಜಾಸ್ತಿ ಹಾರುತ್ತೆ. ಗರಗಸ ಗೆಲ್ಲೋದು ಈ ಅಡ್ಡ ಕೊಯ್ತದಲ್ಲಿ. ಸೀಳೋಕೆ ಇವತ್ತಿಗೂ ಕೊಡಲಿಯೇ ಸಲೀಸು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ವಿಷಯ. ದಪ್ಪ ಬೊಡ್ಡೆ ಕಡಿಯೋದು ಗಂಡಸರ ಕೆಲಸ ಅಂತಾಯ್ತು. ದಿನದ ಒಲೆ ಮಾತ್ರ ದಪ್ಪ ಬೊಡ್ಡೆಯಿಂದ ಉರಿಯಲಿಲ್ಲ. ಪುಳ್ಳೆ, ಸಣ್ಣ ಕೊಂಬೆ, ಜೋಳದ ದಂಟಿನ ಕೂಳೆ, ತೊಗರಿ ಕಟ್ಟಿಗೆ, ಕುಳ್ಳು, ಇವುಗಳಿಂದ ಉರೀತು. ಇವನ್ನೆಲ್ಲ ಆಯ್ದು, ಸಿಂಬೆ ಇಟ್ಟು, ತಲೆ ಮೇಲೆ ಹೊತ್ತು ತಂದವರು ಹೆಂಗಸರು, ಮಕ್ಕಳು. ಮನೆ ಹತ್ತಿರ ದಪ್ಪ ಮರ ಇದ್ದರೂ ಅದನ್ನು ಕಡಿಯೋ ಬಲ ಮತ್ತು ಹಕ್ಕು ತಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಪುಳ್ಳೆ ಹುಡುಕುತ್ತಾ ದೂರ ದೂರ ನಡೆದರು.

4/10

1800. ನಿಜಾಮರು ಬಳ್ಳಾರಿ, ಕಡಪ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಪುಸ್ತಕದಲ್ಲಿ ‘ದತ್ತ ಮಂಡಲ’ ಅಂತ ಓದಿರ್ತೀರಿ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಎಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವು. 1953ರ ಅಕ್ಟೋಬರ್ 1ರವರೆಗೂ ನಾವು ಮದ್ರಾಸಿನವರೇ.

1856ರಲ್ಲಿ ಮದ್ರಾಸಲ್ಲಿ ಎರಡು ಘಟನೆ ನಡೆದವು. ರಾಯಪುರಂನಿಂದ ಮೊದಲ ರೈಲು ಓಡಿತು. ಅದೇ ವರ್ಷ ಹ್ಯೂ ಕ್ಲೆಗಾರ್ನ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ರೈಲಿಗೆ ಹಳಿ ಕೆಳಗೆ ಹಾಸಲು ಮರ ಬೇಕಿತ್ತು, ಕಲ್ಲಿದ್ದಲು ಸುಲಭವಾಗಿ ಸಿಗದ ಕಡೆ ಎಂಜಿನ್‌ಗೂ ಕಟ್ಟಿಗೆ ಬೇಕಿತ್ತು. ಅಲ್ಲಿಂದಾಚೆ ಒಲೆಯ ಕಟ್ಟಿಗೆಗೆ ಸರ್ಕಾರವೂ ಪಾಲುದಾರ.

1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂತು. ಗುಡ್ಡಗಳಿಗೆ ಗಡಿ ಗುರುತು ಬಿತ್ತು. ‘ಮೀಸಲು ಅರಣ್ಯ’ ಅನ್ನೋ ಮಾತು ಹಳ್ಳಿಗೆ ಬಂತು. ನಿನ್ನೆವರೆಗೆ ಆಯ್ದು ತರ್ತಿದ್ದ ಕಟ್ಟಿಗೆ ಇವತ್ತು ಪರವಾನಗಿ ಇಲ್ಲದಿದ್ದರೆ ಕಳ್ಳತನ. ಜನರ ದೂರು ಎಷ್ಟಾಯ್ತು ಅಂದರೆ 1913ರಲ್ಲಿ ಸರ್ಕಾರವೇ ಒಂದು ಅರಣ್ಯ ಸಮಿತಿ ಮಾಡಿ ವರದಿ ಕೇಳಬೇಕಾಯ್ತು. ಕಾಡು ಉಳಿಸಬೇಕಾಗಿತ್ತು, ನಿಜ. ಆದರೆ ಕಾಡನ್ನು ರೈಲಿಗೆ ಕಡಿದವರೇ ತಲೆಹೊರೆಯವಳನ್ನು ತಡೆದು ನಿಲ್ಲಿಸಿದರು ಅನ್ನೋದೂ ಅಷ್ಟೇ ನಿಜ.

5/10

ಈಗ ನಮ್ಮ ಸೀಮೆಯ ಹೀರೋನೂ ವಿಲನ್ನೂ ಆಗಿರೋ ಮರ. ಬಳ್ಳಾರಿ ಜಾಲಿ.

ಹೆಸರು ನಮ್ಮದು, ಮರ ನಮ್ಮದಲ್ಲ. ಮೆಕ್ಸಿಕೊ, ಕೆರಿಬಿಯನ್, ದಕ್ಷಿಣ ಅಮೆರಿಕದ ಕಡೆಯದು. ಪುಸ್ತಕದ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ. 1876ರಲ್ಲಿ ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ ಒಣ ಸೀಮೆಗೆ ಹೊಂದೋ ಮರ ಬೇಕು ಅಂತ ಬೀಜ ಕೇಳಿ ಬರೆದ. ಜಮೈಕಾದಿಂದ ಬಂದ ಬೀಜ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತನೆಯಾಯ್ತು. ಕಡಪ ಅಂದರೆ ದತ್ತ ಮಂಡಲದಲ್ಲಿ ನಮ್ಮ ಪಕ್ಕದ ಮನೆ ಇದ್ದ ಹಾಗೆ.

ವರ್ಷ ಗಮನಿಸಿದಿರಾ? 1876ರಿಂದ 78. ಹಿರಿಯರು ‘ಧಾತು ಈಶ್ವರದ ಬರ’ ಅನ್ನೋದು ಇದನ್ನೇ. ಧಾತು, ಈಶ್ವರ ಅಂದರೆ ಆ ಎರಡು ಸಂವತ್ಸರಗಳ ಹೆಸರು. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಜನ ಅನ್ನವಿಲ್ಲದೆ ಸಾಯ್ತಿದ್ದ ಕಾಲದಲ್ಲೇ, ಉರುವಲಿಗೆ ಅಂತ ಈ ಮುಳ್ಳು ಮರ ದೇಶಕ್ಕೆ ಕಾಲಿಟ್ಟಿತು.

ಬಂದದ್ದು ಸುಮ್ಮನೆ ಕೂರಲಿಲ್ಲ. ಕಾಯಿ ಸಿಹಿ, ಕುರಿ ಮೇಕೆ ದನ ತಿನ್ನುತ್ತವೆ. ಬೀಜ ಹಿಕ್ಕೆಯಲ್ಲಿ, ಸಗಣಿಯಲ್ಲಿ ಹೊರಬಂದು ಎಲ್ಲೆಂದರಲ್ಲಿ ಮೊಳೆಯುತ್ತೆ. ಕಡಿದರೆ ಬುಡದಿಂದ ನಾಲ್ಕು ಚಿಗುರು. ಕೆರೆ ಅಂಗಳ, ಬೀಳು ಹೊಲ, ರಸ್ತೆ ಬದಿ ಎಲ್ಲ ತುಂಬಿತು. ಕಟ್ಟಿಗೆ ಮಾತ್ರ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತೆ. ಇದ್ದಿಲಿಗೂ ಆಗುತ್ತೆ. 1940ರಲ್ಲಿ ಜೋಧಪುರದ ಸಂಸ್ಥಾನ ಇದನ್ನು ‘ರಾಜವೃಕ್ಷ’ ಅಂತ ಘೋಷಿಸಿ ಕಾಪಾಡಿತು. 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಮಿಳುನಾಡಿನಲ್ಲಿ ಇದೇ ಮರವನ್ನು ಕಿತ್ತುಹಾಕಿ ಅಂತ ಆದೇಶ ಕೊಟ್ಟಿತು. ಒಂದೇ ಮರ, ಎರಡು ತೀರ್ಪು. ನಮ್ಮ ಬಡವರ ಒಲೆ ಮಾತ್ರ ಎರಡನ್ನೂ ಕೇಳದೆ ಅದರಲ್ಲೇ ಉರೀತಾ ಬಂತು.

6/10

ಕೊಡಲಿ ಬರೀ ಒಲೆಗಲ್ಲ, ರಾಜಕೀಯಕ್ಕೂ ಬಂತು.

ನಮ್ಮ ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ 1902ರ ಡಿಸೆಂಬರ್ 10ರಂದು ಹುಟ್ಟಿದವರು ಎಸ್. ನಿಜಲಿಂಗಪ್ಪ. ಮುಂದೆ ಮುಖ್ಯಮಂತ್ರಿಯಾದವರು, ಗೊತ್ತಲ್ಲ? ಚಿತ್ರದುರ್ಗದಲ್ಲಿ ವಕೀಲರಾಗಿದ್ದರು. 1939ರಲ್ಲಿ ಅಲ್ಲಿನ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೀತು. ಹೆಂಡ ಇಳಿಸುವ ಈಚಲು ಮರಗಳನ್ನು ಜನ ಕಾನೂನು ಮುರಿದು ಕಡಿದರು. ಮರ ಸರ್ಕಾರದ ಆಸ್ತಿ, ಹೆಂಡ ಸರ್ಕಾರದ ಆದಾಯ. ಹಾಗಾಗಿ ಒಂದೊಂದು ಏಟೂ ಸರ್ಕಾರಕ್ಕೆ ಕೊಟ್ಟ ಉತ್ತರ. ನಿಜಲಿಂಗಪ್ಪನವರು ಈ ಹೋರಾಟಕ್ಕಾಗಿ ಶಿಕ್ಷೆಗೆ ಒಳಗಾದರು.

ನಲವತ್ತನಾಲ್ಕು ವರ್ಷ ದಾಟಿ ಬನ್ನಿ. 1983ರ ಸೆಪ್ಟೆಂಬರ್, ಶಿರಸಿ ಹತ್ತಿರದ ಸಾಲ್ಕಣಿ. ಅಲ್ಲಿನ ಜನ ಕೊಡಲಿ ಬಿಟ್ಟು ಮರವನ್ನೇ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ. ಒಂದು ಕಡೆ ಕಡಿದರು, ಇನ್ನೊಂದು ಕಡೆ ಅಪ್ಪಿದರು. ಮೇಲ್ನೋಟಕ್ಕೆ ಉಲ್ಟಾ. ಆದರೆ ಎರಡೂ ಕಡೆ ಜನ ಕೇಳಿದ್ದು ಒಂದೇ ಪ್ರಶ್ನೆ: ಈ ಮರದ ಬಗ್ಗೆ ತೀರ್ಮಾನ ಮಾಡೋರು ಯಾರು?

ಬ್ಯಾಟರಿ ಗರಗಸ ಕೈಗೆ ಬಂದ ಮೇಲೂ ಆ ಪ್ರಶ್ನೆ ಹೋಗಿಲ್ಲ.

7/10

ಚೈನ್‌ಸಾ ಹುಟ್ಟಿದ್ದು ಎಲ್ಲಿ? ‘ಹೆರಿಗೆ ಮಾಡಿಸೋಕೆ ಚೈನ್‌ಸಾ ಕಂಡುಹಿಡಿದರು’ ಅನ್ನೋ ರೀಲ್ ನಿಮಗೂ ಬಂದಿರುತ್ತೆ. ಅರ್ಧ ನಿಜ. 1780ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಏಟ್ಕನ್, ಜೇಮ್ಸ್ ಜೆಫ್ರೇ ಹಲ್ಲುಳ್ಳ ಒಂದು ಸಣ್ಣ ಸರಪಳಿ ಬಳಸಿದರು. ಎರಡು ಕಡೆ ಹಿಡಿ, ಕೈಯಲ್ಲೇ ಎಳೆಯೋದು. ರೋಗ ಬಂದ ಮೂಳೆ ತೆಗೆಯೋಕೆ, ಮಗು ಸಿಕ್ಕಿಕೊಂಡಾಗ ತಾಯಿಯ ಸೊಂಟದ ಕೀಲು ಅಗಲಿಸೋಕೆ. ಘರ್ರ್ ಅನ್ನೋ ಮಷಿನ್ ಅಲ್ಲವೇ ಅಲ್ಲ. ರೀಲ್‌ನವರು ಇಷ್ಟು ಹೇಳಲ್ಲ.

ಮರ ಕೊಯ್ಯುವ ಮಷಿನ್‌ಗೆ ಬಂದರೆ, 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಮೊದಲು ಮಾಡಿದ್ದು ಕರೆಂಟಿನ ಚೈನ್‌ಸಾ. ಹೌದು, ಕರೆಂಟಿನದ್ದು! ಇಬ್ಬರು ಹಿಡಿಯಬೇಕಿತ್ತು. 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲಿನದ್ದನ್ನು ಡೋಲ್ಮಾರ್ ಅನ್ನೋ ಗುಡ್ಡದಲ್ಲಿ ಪರೀಕ್ಷೆ ಮಾಡಿದ. 1929ರಲ್ಲಿ ಸ್ಟಿಲ್ ಕೂಡ ಪೆಟ್ರೋಲಿಗೆ ಬಂದ. ಯಾಕೆ? ಕಾಡಲ್ಲಿ ಪ್ಲಗ್ ಎಲ್ಲಿ ಸಿಗುತ್ತೆ ಹೇಳಿ.

ಇನ್ನೊಂದು ಮಜಾ ಕಥೆ. ಅಮೆರಿಕದ ಜೋಸೆಫ್ ಕಾಕ್ಸ್ ಮರ ಕೊಯ್ಯುವ ಕೂಲಿ. ಒಣಬೊಡ್ಡೆ ತಿನ್ನುತ್ತಿದ್ದ ಹುಳ ನೋಡಿದ. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆರೆದು ನುಗ್ಗುತ್ತಿತ್ತು. 1947ರ ಹೊತ್ತಿಗೆ ಅದೇ ರೀತಿಯ ಹಲ್ಲಿನ ಚೈನ್ ಮಾಡಿ ಮಾರಿದ. ಇವತ್ತು ಯಾವುದೇ ಚೈನ್ ನೋಡಿ, ಹಲ್ಲು ಎಡಕ್ಕೊಂದು ಬಲಕ್ಕೊಂದು ಇರುತ್ತೆ. ಮರ ತಿನ್ನೋ ಹುಳದ ಹತ್ತಿರ ಮನುಷ್ಯ ಕಲಿತ ಪಾಠ ಅದು.

8/10

ಕರೆಂಟಿಂದ ಪೆಟ್ರೋಲಿಗೆ ಹೋದ ಮಷಿನ್ ಮತ್ತೆ ಕರೆಂಟಿಗೆ ಬಂದಿದ್ದು ಹೇಗೆ? ಉತ್ತರ ನಿಮ್ಮ ಕೈಯಲ್ಲೇ ಇದೆ. ಈ ಪೋಸ್ಟ್ ಓದ್ತಿರೋ ಫೋನ್ ಒಳಗೆ.

ಲಿಥಿಯಂ ಅಯಾನ್ ಬ್ಯಾಟರಿ. 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಗುಡ್‌ಇನಫ್, 1985ರಲ್ಲಿ ಯೋಶಿನೋ ಒಬ್ಬರ ಮೇಲೊಬ್ಬರು ಕೆಲಸ ಕಟ್ಟಿದರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂತು. 2019ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಮೊದಲು ಕ್ಯಾಮೆರಾ, ಆಮೇಲೆ ಫೋನ್, ಡ್ರಿಲ್, ಸ್ಕೂಟರ್, ಔಷಧಿ ಹೊಡೆಯೋ ಪಂಪು, ಈಗ ಗರಗಸ.

ಹಗ್ಗ ಎಳೆದು ಸ್ಟಾರ್ಟ್ ಮಾಡೋ ಕಷ್ಟ ಇಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸೋ ತಾಪತ್ರಯ ಇಲ್ಲ, ಹೊಗೆ ಇಲ್ಲ, ಸದ್ದೂ ಕಡಿಮೆ. ಗುಂಡಿ ಬಿಟ್ಟರೆ ನಿಂತುಬಿಡುತ್ತೆ. ಆದರೆ ದೊಡ್ಡ ಮರ ಉರುಳಿಸೋಕೆ, ದಿನಪೂರ್ತಿ ಕೂಲಿ ಕೆಲಸಕ್ಕೆ ಪೆಟ್ರೋಲಿನದ್ದೇ ಇನ್ನೂ ಮುಂದು. ಬ್ಯಾಟರಿಯದ್ದು ಮನೆ ಮಟ್ಟಿನ ಕೆಲಸಕ್ಕೆ. ಹಿತ್ತಲಲ್ಲಿ ಬಿದ್ದ ಕೊಂಬೆ, ಬದುವಿನ ಜಾಲಿ, ಒಲೆ ಅಳತೆಗೆ ತುಂಡು ಮಾಡೋದು.

ತಗೊಳ್ಳೋ ಮುಂಚೆ ಒಂದು ಲೆಕ್ಕ ಕಲೀರಿ. ಸಣ್ಣ ಗರಗಸಗಳ ಡಬ್ಬಿ ಮೇಲೆ ‘21 ವೋಲ್ಟ್’ ಅಂತ ಇರುತ್ತೆ, ಇನ್ನೊಂದರ ಮೇಲೆ ‘18 ವೋಲ್ಟ್’. 21 ದೊಡ್ಡದು ಅಂದುಕೊಳ್ತೀರಿ. ಒಳಗೆ ಎರಡರಲ್ಲೂ ಐದೈದು ಸೆಲ್. ಒಂದು ಸೆಲ್ ಸಾಮಾನ್ಯವಾಗಿ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಐದರಿಂದ ಗುಣಿಸಿ ನೋಡಿ. 18 ಕೂಡ ಅದೇ, 21 ಕೂಡ ಅದೇ!

9/10

ಇನ್ನೊಂದು ಲೆಕ್ಕ. ಇದು ನನಗೆ ಈ ಇಡೀ ಕಥೆಯಲ್ಲೇ ದೊಡ್ಡ ಆಶ್ಚರ್ಯ.

36 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಅಂದರೆ 36 × 4 = 144 ವಾಟ್ ಅವರ್. ಒಂದು ಯೂನಿಟ್ ಕರೆಂಟ್ ಅಂದರೆ 1000 ವಾಟ್ ಅವರ್. ಚಾರ್ಜ್ ಮಾಡುವಾಗ ಸ್ವಲ್ಪ ಪೋಲಾಗೋದನ್ನು ಬಿಟ್ಟರೂ ಒಂದು ಯೂನಿಟ್‌ನಲ್ಲಿ ಆರು ಸಲ ಬ್ಯಾಟರಿ ತುಂಬಬಹುದು.

ಈಗ ಕಟ್ಟಿಗೆ. ಒಂದು ಕೆಜಿ ಒಣ ಕಟ್ಟಿಗೆ ಸುಟ್ಟರೆ ಬರೋ ಶಾಖ ಸುಮಾರು 4 ಯೂನಿಟ್‌ನಷ್ಟು. ಹಾಗಾದರೆ ಒಂದು ಬ್ಯಾಟರಿಯಲ್ಲಿ ತುಂಬಿರೋ ಶಕ್ತಿ ಎಷ್ಟು ಕಟ್ಟಿಗೆಗೆ ಸಮ? ಬರೀ 36 ಗ್ರಾಂ. ಒಂದು ಹಿಡಿ ಪುಳ್ಳೆ!

ಅಂದರೆ ಕಡಿಯೋಕೆ ಬೇಕಾಗೋ ಶಕ್ತಿ ಏನೇನೂ ಅಲ್ಲ. ಸೋರಿಕೆ ಇರೋದು ಒಲೆಯಲ್ಲಿ. ಮೂರು ಕಲ್ಲಿನ ಒಲೆಯಲ್ಲಿ ನೂರು ಪಾಲು ಶಾಖದಲ್ಲಿ ಹತ್ತೋ ಹದಿನೈದೋ ಪಾಲು ಮಾತ್ರ ಪಾತ್ರೆಗೆ ಹೋಗುತ್ತೆ. ಹತ್ತು ಕೆಜಿ ಹೊರೆ ಹೊತ್ತು ತಂದರೆ ಎಂಟೂವರೆ ಕೆಜಿಗೂ ಹೆಚ್ಚು ಗಾಳಿಗೆ, ಗೋಡೆಗೆ, ಅಮ್ಮನ ಕಣ್ಣಿಗೆ.

ಇದನ್ನು ಮನಗಂಡೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಅನ್ನೋ ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಕಡಿಮೆ ಕಟ್ಟಿಗೆ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ಆಮೇಲೆ 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಗಿ ಸಿಲಿಂಡರ್ ಬಂತು. ಆದರೂ ಹಂಡೆ ನೀರು, ಜೋಳದ ರೊಟ್ಟಿ, ಮದುವೆ ಅಡುಗೆ, ಅಲಾಯಿ ಕುಣಿ, ಕಾಮನ ಹಬ್ಬ ಇವೆಲ್ಲ ಇನ್ನೂ ಕಟ್ಟಿಗೆ ಮೇಲೇ ನಿಂತಿವೆ. ಸಿಲಿಂಡರ್ ರೇಟು ಏರಿದ ತಿಂಗಳು ಒಲೆ ಮತ್ತೆ ಹೊತ್ತುತ್ತೆ. ಇದನ್ನು ನಾನು ಹೇಳಬೇಕಿಲ್ಲ, ನಿಮ್ಮ ಮನೆ ಅಡುಗೆಮನೆಯೇ ಹೇಳುತ್ತೆ.

10/10

ಹಾಗಾದರೆ ಬ್ಯಾಟರಿ ಗರಗಸ ಬೇಕಾ ಬೇಡ್ವಾ? ಚರಿತ್ರೆ ಓದೋರು ಮೊದಲು ಕೇಳಬೇಕಾದ್ದು ‘ಯಾರಿಗೆ’ ಅಂತ.

ಒಂದು, ಹಿಡಿ ಯಾರ ಕೈಯಲ್ಲಿರುತ್ತೆ? ಬೀಸೋ ಕಲ್ಲು ಹೋಗಿ ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಗರಗಸವೂ ಹಾಗೆ ಆಗಬಹುದು. ಕೊಡಲಿ ಎತ್ತೋಕೆ ಆಗದವರೂ ಸಣ್ಣ ಗರಗಸ ಹಿಡಿಯಬಹುದು. ಮನೆ ಪಕ್ಕದ ಜಾಲಿಯನ್ನೇ ತುಂಡು ಮಾಡಿದರೆ ದೂರದ ಪುಳ್ಳೆ ಹೊರೆ ತಪ್ಪುತ್ತೆ. ಆದರೆ ಮಷಿನ್ ಅಣ್ಣನದು, ಹೊರೆ ಅಕ್ಕನದು ಅಂತಾದರೆ ಸಾವಿರ ವರ್ಷದಲ್ಲಿ ಬದಲಾಗಿದ್ದು ಬರೀ ಸದ್ದು.

ಎರಡು, ಕೂಲಿಗೆ ಕಟ್ಟಿಗೆ ಒಡೆಯೋರು. ಅಡ್ಡ ಕೊಯ್ತ ಮಷಿನ್‌ಗೆ ಹೋಗುತ್ತೆ. ಸೀಳೋ ಕೆಲಸ ಇನ್ನೂ ಅವರದೇ, ಮೂರನೇ ಪೋಸ್ಟಲ್ಲಿ ಹೇಳಿದ್ದು ಇದಕ್ಕೇ. ಅವರನ್ನು ಕರೆಯೋದು ಬಿಡಬೇಡಿ.

ಮೂರು, ಮರ. ಕೊಡಲಿ ಹಿಡಿದವನಿಗೆ ಒಂದು ಬೇವು ಕಡಿಯೋಕೆ ಅರ್ಧ ದಿನ ಬೇಕಿತ್ತು. ಆ ಅರ್ಧ ದಿನದಲ್ಲಿ ಯಾರಾದರೂ ಬಂದು ‘ಯಾಕಪ್ಪಾ ಕಡೀತೀ?’ ಅನ್ನೋಕೆ ಟೈಮ್ ಇತ್ತು. ಗರಗಸಕ್ಕೆ ಕೆಲವು ನಿಮಿಷ ಸಾಕು. ಅಜ್ಜ ನೆಟ್ಟ ಹುಣಸೆ, ಬದುವಿನ ಹೊಂಗೆ, ಕುರಿ ನಿಲ್ಲೋ ಬೇವಿನ ನೆರಳು ಇವು ಉರುವಲಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಹೊಲದ ಮರ ಕಡಿಯೋಕೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಬಳ್ಳಾರಿ ಜಾಲಿಯ ಜಾತಿ ಅದರಲ್ಲೊಂದು. ಆದರೂ ಕಡಿಯೋ ಮುಂಚೆ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ. ಜಾಲಿ ಕಡಿದರೆ ಮತ್ತೆ ಚಿಗುರುತ್ತೆ, ಎರಡು ಮೂರು ವರ್ಷಕ್ಕೆ ಮತ್ತೆ ಕಟ್ಟಿಗೆ. ಬೇವು ಹಾಗಲ್ಲ, ಅಷ್ಟು ನೆರಳಾಗೋಕೆ ಒಂದು ತಲೆಮಾರು ಬೇಕು.

ನಾಲ್ಕು, ನಿಮ್ಮ ಕೈಕಾಲು. ಸದ್ದು ಕಡಿಮೆ ಅಂತ ಆಟಿಕೆ ಅಂದುಕೊಳ್ಳಬೇಡಿ. ಹವಾಯಿ ಚಪ್ಪಲಿ, ಹೆಗಲ ಮೇಲೆ ಟವೆಲ್, ಇಳಿಬಿದ್ದ ಸೆರಗು ಬೇಡವೇ ಬೇಡ. ಶೂ, ಕನ್ನಡಕ ಇರಲಿ. ಬಾರ್‌ನ ಮೂತಿ ಮೇಲ್ತುದಿ ಕಟ್ಟಿಗೆಗೆ ತಾಗಿದರೆ ಗರಗಸ ಮುಖದ ಕಡೆ ಎಗರುತ್ತೆ. ಎರಡೂ ಕೈಯಲ್ಲಿ ಹಿಡಿಯಿರಿ. ಚೈನ್ ಮುಟ್ಟೋ ಮುಂಚೆ ಬ್ಯಾಟರಿ ಬಿಚ್ಚಿಡಿ. ನಮ್ಮ ಬಿಸಿಲಲ್ಲಿ ಕಾದ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ಆರಲಿ. ಹದಿನೆಂಟು ತುಂಬದವರು ಮುಟ್ಟಲೇಬೇಡಿ, ನೋಡಿ ಸಾಕು.

ಈಗ ನಿಮ್ಮ ಸರದಿ. ಇವತ್ತು ಸಂಜೆ ಅಜ್ಜಿ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ: ಕಟ್ಟಿಗೆಗೆ ಎಲ್ಲಿಗೆ ಹೋಗ್ತಿದ್ರಿ? ಜೊತೆಗೆ ಯಾರು ಬರ್ತಿದ್ರು? ಯಾವ ಮರಕ್ಕೆ ಕೊಡಲಿ ಹಾಕಬಾರದು ಅಂತಿದ್ರು? ಉತ್ತರ ಕಾಮೆಂಟಲ್ಲಿ ಬರೀರಿ, ಊರ ಹೆಸರು ಸೇರಿಸಿ. ಶಾಸನದಲ್ಲಿ ಬರೆಯದೇ ಬಿಟ್ಟದ್ದನ್ನು ನಾವಾದರೂ ಬರೆದಿಡೋಣ.

#ಬಾಗಳಿ #ಹರಪನಹಳ್ಳಿ #ಕಟ್ಟಿಗೆಯಕಥೆ #ಬಳ್ಳಾರಿಜಾಲಿ #ನಮ್ಮೂರಚರಿತ್ರೆ